ಗುರುರಾಜರ ಷಡ್ಜ

ತೊಂದರೆ ಶುರುವಾದದ್ದು ಜಗನ್ ಕೀಬೋರ್ಡ್ ಕೊಂಡದ್ದರಿಂದ.

ಬಾಣಸವಾಡಿಯ ಆ ಕಾಲೊನಿಯ ಭಜನಾ ಮಂಡಳಿಗೆ ಅಲ್ಲಿಯವರೆಗೆ ಪಕ್ಕವಾದ್ಯ ಎಂದರೆ ಒಂದು ಹಳೆಯ ಟೇಪ್ ರೆಕಾರ್ಡರು. ಕಾಲೊನಿಗೆಲ್ಲ ದೇವರನಾಮ ಕಲಿಸಿ ತೀರಿಕೊಂಡ ಸಂಗೀತದ ಟೀಚರಮ್ಮ ಅದರೊಳಗಿನ ಕ್ಯಾಸೆಟ್ಟಿನಲ್ಲಿ ಹಾಡುತ್ತಿದ್ದರು, ಮಂಡಳಿ ಅವರ ಹಿಂದೆ ಹಾಡುತ್ತಿತ್ತು. ಮೊದಲು ಟೇಪಿಗೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಆಮೇಲೆ ಗುಂಡಿ ಒತ್ತುವುದು ಪದ್ಧತಿ.

ಗಣಪತಿ ಕೂರಿಸಿದ ಮೂರನೆಯ ದಿನ, ಸಂಜೆಯ ಕಾರ್ಯಕ್ರಮಕ್ಕೆ ಬೆಳಗ್ಗೆ ತಾಲೀಮು. ಮಂಡಳಿಯ ಮುನಿಶಾಮಮ್ಮನ ಮಗ ಜಗನ್, ನಲವತ್ತು ದಾಟಿದ ಮೇಲೆ ಸಂಗೀತದ ಹುಚ್ಚು ಹಿಡಿಸಿಕೊಂಡವನು, ಹೊಸ ಕೀಬೋರ್ಡನ್ನು ಪೆಂಡಾಲಿಗೆ ಹೊತ್ತು ತಂದ. ಟೇಪು ಹಾಡಿತು. ಜಗನ್ ಒಂದು ಬಿಳಿ ಕೀ ಒತ್ತಿದ, ತಗ್ಗಾಯಿತು. ಪಕ್ಕದ ಕಪ್ಪು ಕೀ ಒತ್ತಿದ, ಹೆಚ್ಚಾಯಿತು. ಟೀಚರಮ್ಮನ ಷಡ್ಜ ಎರಡರ ನಡುವಿನ ಸಂದಿಯಲ್ಲಿ ಜಿರಲೆಯ ಹಾಗೆ ಸೇರಿಕೊಂಡು ಕೈಗೇ ಸಿಗಲಿಲ್ಲ.

"ಯಾರೋ ಅಪಸ್ವರ ಹಾಡ್ತಿದ್ದಾರೆ," ಎಂದರು ಮಂಡಳಿಯ ಮುಖ್ಯಸ್ಥ ಭಗವಂತರಾಯರು. ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ತಪ್ಪು ಯಾರದ್ದೆಂದು ಮೊದಲು ತೀರ್ಮಾನಿಸಿ ಆಮೇಲೆ ವಿಚಾರಣೆ ನಡೆಸುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಎಲ್ಲರ ಕಣ್ಣೂ ಹಿಂದಿನ ಸಾಲಿನ ಗುರುರಾಜರ ಕಡೆ ತಿರುಗಿತು.

"ನಾನಿನ್ನೂ ಬಾಯೇ ತೆಗ್ದಿಲ್ವಲ್ಲ ಸಾರ್!"

"ಹೌದಾ? ಆದ್ರೂ ಸಂಜೆ ನೀವು ಬಾಯಿ ಮಾತ್ರ ಆಡ್ಸಿ ಗುರುರಾಜ್. ಸದ್ದು ಬೇಡ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯದೆ ಇನ್ನೇನು? ಗುರುರಾಜರಿಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು. ಸರ್ಕಾರಿ ಕಾರ್ಖಾನೆಯಲ್ಲಿ ಅವರ ಜೀವಮಾನವೆಲ್ಲ ಶಿಫ್ಟಿನಲ್ಲಿ ಕಳೆದಿತ್ತು. ಅವರು ಮನೆಗೆ ಬರುವಾಗ ಹೆಂಡತಿ ಸೀತಾಲಕ್ಷ್ಮಿ ಸಂಗೀತದ ಪಾಠಕ್ಕೆ ಹೋಗಿರುತ್ತಿದ್ದರು, ಆಕೆ ಹಿಂದಿರುಗುವಾಗ ಇವರು ಗೊರಕೆ ಹೊಡೆಯುತ್ತಿದ್ದರು. ನಿವೃತ್ತರಾದ ಮೇಲೆ ಉಳಿದಿದ್ದ ಆಸೆ ಒಂದೇ: ಹೆಂಡತಿಯ ಪಕ್ಕ ಕೂತು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲಿ ಹಾಡಬೇಕು. ಅದಕ್ಕಾಗಿ ಟೇಪಿನ ಹಾಡನ್ನು ತಮ್ಮ ಫೋನಿಗೆ ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದಿನಾ ಅಭ್ಯಾಸ ಮಾಡಿದ್ದರು.

ಮನೆಗೆ ಬಂದವರೇ ಹೆಂಡತಿಯ ಫೋನ್ ಎತ್ತಿಕೊಂಡರು. ಶ್ರುತಿ ಅಳೆಯುವ ಆ್ಯಪ್ ಒಂದು ಅದರಲ್ಲಿತ್ತು. ತಮ್ಮ ಕಿವಿಗೆ ಟೀಚರಮ್ಮನನ್ನು ಹಾಕಿಕೊಂಡು, ಕಣ್ಣು ಮುಚ್ಚಿ, "ಸಾ..." ಎಂದರು. ಕಣ್ಣು ಬಿಟ್ಟು ನೋಡಿದರೆ ಮುಳ್ಳು ನಟ್ಟನಡುವೆ, ಹಸಿರು ದೀಪ! ಇಯರ್‌ಫೋನ್ ಕಿತ್ತು ಟೀಚರಮ್ಮನ ದನಿಯನ್ನೇ ಆ್ಯಪಿಗೆ ಕೇಳಿಸಿದರು. ಕೆಂಪು ದೀಪ. ಟೀಚರಮ್ಮ ಬಿಳಿ ಕೀಯಿಂದ ಕಪ್ಪು ಕೀಗೆ ಮೂರನೇ ಒಂದು ಪಾಲು ದಾರಿ ಏರಿ ನಿಂತಿದ್ದರು.

"ಅಂದ್ರೆ ಇಡೀ ಮಂಡಳೀಲಿ ಸರಿಯಾಗಿ ಹಾಡೋನು ನಾನೊಬ್ನೇ!" ಎಂದು ಗುರುರಾಜರು ಗೋಡೆಗೆ ಹೇಳಿದರು.

ಟೀಚರಮ್ಮ ತಪ್ಪುವವರಲ್ಲ, ಹಾಗಾದರೆ ಕಾಯಿಲೆ ಟೇಪ್ ರೆಕಾರ್ಡರಿಗೇ. ಪೆಂಡಾಲಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶಿವಾಜಿನಗರದ ಬಸ್ ಹತ್ತಿದರು. ಬಸ್ಸು ಒಂದು ಗುಂಡಿಗೆ ಧೊಪ್ಪೆಂದು ಇಳಿದಾಗ ಟೇಪಿನ ಗುಂಡಿ ತಾನೇ ಒತ್ತಿಕೊಂಡಿತು. ಟವೆಲ್ಲಿನೊಳಗಿಂದ ದೇವರನಾಮ ಹೊರಟಿತು. ಮುಂದಿನ ಸೀಟಿನ ಅಜ್ಜಿ ಕೈ ಮುಗಿದರು. ಅಷ್ಟರಲ್ಲಿ ಜೇಬಿನಲ್ಲಿದ್ದ ಹೆಂಡತಿಯ ಫೋನ್ ಬಡಿದುಕೊಂಡಿತು. ಭಗವಂತರಾಯರು!

"ಸೀತಾಲಕ್ಷ್ಮಮ್ನೋರೇ, ಅನ್ಯಾಯ ಆಯ್ತು! ಟೇಪು ಕಳ್ತನ ಆಗಿದೆ! ಮುನಿಶಾಮಮ್ಮ ಕಳ್ಳನ ಕೈ ಸೇದೋಗ್ಲಿ ಅಂತ ಶಾಪ ಹಾಕ್ತಿದ್ದಾರೆ!"

ಗುರುರಾಜರು ಹೆಂಡತಿಯ ಹಾಗೆ ದನಿ ಸಣ್ಣ ಮಾಡಿಕೊಂಡು, "ಸಿಗತ್ತೆ ಬಿಡಿ..." ಎಂದರು.

"ಯಾಕಮ್ಮ ಗಂಟ್ಲು ಹೀಗಾಗಿದೆ?"

"ಶೀತ."

"ಛೆ, ಶ್ರುತಿ ತಪ್ತಿದೆ. ಕಷಾಯ ಕುಡೀರಿ. ಮನೇಲಿ ಒಬ್ರು ಸಾಕು."

ಶಿವಾಜಿನಗರದ ಸಂದಿಯೊಂದರಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುವ ಚಾಂದ್ ಬೀ ಡಬ್ಬಿಯ ಬೆನ್ನು ಬಿಚ್ಚಿ ನೋಡಿ ನಕ್ಕರು. "ಅರೆ ಸಾಬ್, ಈ ಮೋಟರ್ ಹಾಕಿದ್ದು ನಾವೇ. ಸ್ವಲ್ಪ ತೇಜ್ ಇಟ್ಟಿದ್ವಿ."

"ಯಾಕಮ್ಮ?"

"ತೇಜ್ ಓಡಿದ್ರೆ ಹಾಡು ಜರಾ ಬೇಗ ಹೋಗತ್ತೆ, ಆವಾಜ್ ಮೇಲೆ ಹೋಗತ್ತೆ. ಗಿರಾಕಿಗೆ ಡಬ್ಬಾ ಹೊಸದಾಯ್ತು ಅಂತ ಖುಷಿ!"

ಅವರು ಮೋಟರಿನ ಸ್ಕ್ರೂ ತಿರುಗಿಸಿದರು, ಗುರುರಾಜರು ಆ್ಯಪ್ ಹಿಡಿದು ನಿಂತರು. ಟೀಚರಮ್ಮ ಮೆಲ್ಲಗೆ ಇಳಿದಿಳಿದು ಬಂದು ಹಸಿರು ದೀಪದಲ್ಲಿ ಕೂತರು. ಗುರುರಾಜರ ಕಣ್ಣಲ್ಲಿ ನೀರೇ ಬಂತು. ಬರುವಾಗ ಬಸ್ಸಿನಲ್ಲಿ ಅವರು ಟೇಪನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು.

ಪೆಂಡಾಲು ಆಗಲೇ ತುಂಬಿತ್ತು. "ಸಿಕ್ದ ಕಳ್ಳ!" ಎಂದು ಮುನಿಶಾಮಮ್ಮ ಎದ್ದೇ ನಿಂತರು. ಸೀತಾಲಕ್ಷ್ಮಿ ಹಣೆ ಚಚ್ಚಿಕೊಂಡು, "ರೀ, ನನ್ ಫೋನೂ ನಿಮ್ಹತ್ರಾನೇ ಇತ್ತಾ?" ಎಂದರು. ಗುರುರಾಜರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಟೇಪನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. "ಜಗನ್, ಆ ಬಿಳೀ ಕೀ ಒತ್ತಪ್ಪ."

ಜಗನ್ ಒತ್ತಿದ. ಕೀಬೋರ್ಡೂ ಟೀಚರಮ್ಮನೂ ಹಾಲು ನೀರಿನಂತೆ ಬೆರೆತುಹೋದರು.

"ತಪ್ಪು ಮೋಟರಿಂದು ಸಾರ್. ನೀವೆಲ್ಲ ಓಡೋ ಟೇಪಿನ ಹಿಂದೆ ಓಡ್ತಿದ್ರಿ. ನಾನೊಬ್ನೇ ಸರಿಯಾದ ಜಾಗದಲ್ಲಿ ನಿಂತಿದ್ದೆ."

"ಪಾಪ, ಇಂಥ ಸಾಮಿ ಬಾಯ್ನ ಮುಚ್ಚಿಸ್ಬಿಟ್ರಲ್ಲಪ್ಪ!" ಎಂದು ಶಾಪ ಹಾಕಿದ ಬಾಯಲ್ಲೇ ಮುನಿಶಾಮಮ್ಮ ಮರುಗಿದರು. ಭಗವಂತರಾಯರು ಎಲ್ಲರೆದುರು ಕೈ ಮುಗಿದು, ಗುರುರಾಜರನ್ನು ಮುಂದಿನ ಸಾಲಿಗೆ, ಸೀತಾಲಕ್ಷ್ಮಿಯ ಪಕ್ಕಕ್ಕೇ, ಮೈಕಿನ ಮುಂದೆ ಕೂರಿಸಿದರು. ಆ ಗಳಿಗೆಯಲ್ಲಿ ಗುರುರಾಜರಷ್ಟು ಸುಖಿ ಬಾಣಸವಾಡಿಯಲ್ಲಿ ಬೇರೊಬ್ಬರಿರಲಿಲ್ಲ.

ಹಾಡು ಶುರುವಾಯಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಜಗನ್ ಮುಖ ಕಿವುಚಿದ. ಭಗವಂತರಾಯರು ಕೈ ಎತ್ತಿ ಹಾಡು ನಿಲ್ಲಿಸಿ, ಸೀತಾಲಕ್ಷ್ಮಿಯ ಫೋನ್ ಇಸಕೊಂಡು, ಆ್ಯಪ್ ತೆರೆದು, ಒಬ್ಬೊಬ್ಬರ ಬಾಯಿಯ ಮುಂದೆ ಹಿಡಿದು "ಸಾ" ಎನ್ನಿಸುತ್ತ ಬಂದರು. ಹಸಿರು, ಹಸಿರು, ಹಸಿರು. ಗುರುರಾಜರ ಮುಂದೆ ಕೆಂಪು. ಮೂರನೇ ಒಂದು ಪಾಲು ಕೆಳಗೆ.

ಗುರುರಾಜರಿಗೆ ಆಗ ತಿಳಿಯಿತು. ಕಿವಿಗೆ ಏನು ಬಿದ್ದರೂ ಅದಕ್ಕಿಂತ ಅಷ್ಟು ಕೆಳಗೆ ಹಾಡುವುದು ಅವರ ಗಂಟಲಿನ ಗುಣ. ಬೆಳಗ್ಗೆ ಟೇಪು ಎಷ್ಟು ಏರಿತ್ತೋ ಇವರು ಅಷ್ಟೇ ಇಳಿದಿದ್ದರು. ಹಸಿರು ದೀಪ ಹತ್ತಿದ್ದು ಅದಕ್ಕೆ. ಈಗ ಟೇಪನ್ನು ತಾವೇ ಹೊತ್ತುಕೊಂಡು ಹೋಗಿ ಕೆಳಗಿಳಿಸಿ ತಂದಿದ್ದರು.

"ಬಾಯಿ ಮಾತ್ರ," ಎಂದರು ಭಗವಂತರಾಯರು, ಈ ಸಲ ಮೆತ್ತಗೆ.

ಆಗ ಸೀತಾಲಕ್ಷ್ಮಿ ಗಂಡನ ಜೇಬಿಗೆ ಕೈ ಹಾಕಿದರು. ಇವರ ಫೋನಿನಲ್ಲಿ ಹಳೆಯ ತೇಜ್ ಹಾಡು ಹಾಗೇ ಇತ್ತಲ್ಲ! ಇಯರ್‌ಫೋನನ್ನು ಅವರ ಎರಡೂ ಕಿವಿಗೆ ಸಿಕ್ಕಿಸಿ, "ಇದನ್ನ ಕೇಳ್ಕೊಂಡು ಹಾಡಿ ರೀ. ನಾನಿದೀನಿ," ಎಂದರು.

ಟೇಪಿನ ಗುಂಡಿ ಒತ್ತಿದಾಗಲೇ ಫೋನಿನದ್ದನ್ನೂ ಒತ್ತಿದರು. ಹಸಿರು! ಜಗನ್ ತಲೆದೂಗಿದ. ಮಂಡಳಿ ಒಂದೇ ಗಂಟಲಾಗಿ ಹಾಡಿತು, ಗುರುರಾಜರು ಕಣ್ಣು ಮುಚ್ಚಿ ತೇಲಿದರು.

ಆದರೆ ಚಾಂದ್ ಬೀ ಹೇಳಿದ ಇನ್ನೊಂದು ಮಾತನ್ನು ಅವರು ಮರೆತಿದ್ದರು. ಕಿವಿಯೊಳಗಿನ ಟೀಚರಮ್ಮ ಸಾಲಿಗೊಂದು ಕೂದಲೆಳೆಯಷ್ಟು ಮುಂದೆ ಹೋಗುತ್ತಿದ್ದರು. ಮೊದಲ ಚರಣಕ್ಕೆ ಯಾರಿಗೂ ತಿಳಿಯಲಿಲ್ಲ. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಮಂಡಳಿ ಒಂದು ಕಡೆ, ಗುರುರಾಜರು ಅರ್ಧ ಸಾಲು ಮುಂದೆ, ಒಬ್ಬರೇ.

ಸೀತಾಲಕ್ಷ್ಮಿ ಒಮ್ಮೆ ಮಂಡಳಿಯನ್ನು ನೋಡಿದರು, ಒಮ್ಮೆ ಕಣ್ಣು ಮುಚ್ಚಿದ ಗಂಡನನ್ನು ನೋಡಿದರು. ತಾಳ ಬಿಟ್ಟು, ನಾಲ್ಕು ಪದ ನುಂಗಿ, ಓಡಿ ಹೋಗಿ ಗಂಡನನ್ನು ಸೇರಿಕೊಂಡರು. ಇಬ್ಬರೂ ಸೊಗಸಾಗಿ, ಒಂದೇ ಶ್ರುತಿಯಲ್ಲಿ, ಎಲ್ಲರಿಗಿಂತ ಮೊದಲು ಹಾಡು ಮುಗಿಸಿದರು. ಉಳಿದವರು ಮುಗಿಸುವವರೆಗೆ ಗುರುರಾಜರು ನಗುತ್ತ ಕೂತಿದ್ದರು.

ಮಂಗಳಾರತಿಯ ತಟ್ಟೆ ಬಂದಾಗ ಭಗವಂತರಾಯರು ಹತ್ತಿರ ಬಾಗಿ ಹೇಳಿದರು: "ಮುಂದಿನ್ವಾರ ಬಾಯಿ ಮಾತ್ರ ಆಡ್ಸಿ ಗುರುರಾಜ್." ಆಮೇಲೆ ಪಕ್ಕಕ್ಕೆ ತಿರುಗಿ, "ನೀವೂ ಅಷ್ಟೇ ಸೀತಾಲಕ್ಷ್ಮಮ್ನೋರೇ," ಎಂದರು.

"ಆಗ್ಲಿ ಸಾರ್," ಎಂದ ಸೀತಾಲಕ್ಷ್ಮಿ ಪ್ರಸಾದದ ದೊನ್ನೆಯನ್ನು ಗಂಡನ ಕೈಗಿಟ್ಟರು. "ಬನ್ನಿ ರೀ. ಮನೇಲಿ ಹಾಡೋದಕ್ಕೆ ಯಾರಪ್ಪಣೆ ಬೇಕು?"