ಹೊಟ್ಟಿನ ಗುಡ್ಡದ ಮೇಲೆ ಐಸ್ ಸ್ಕೂಟರ್

1975ರ ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಹಿಮದ ಮೇಲೆ ಓಡುವ ಹೊಸ ವಾಹನವೊಂದರ ಪರೀಕ್ಷಾ ಸವಾರಿ ಕೆಂಗೇರಿಯ ರೈಸ್ ಮಿಲ್ಲೊಂದರ ಹಿತ್ತಲಿನಲ್ಲಿ ನಡೆಯಿತು. ಸವಾರ ನಾನು. ಪತ್ರಿಕೆಯ ಉಪಸಂಪಾದಕನಾದ್ದರಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ. ಕೊನೆಯಲ್ಲಿ ನನ್ನ ಕಣ್ಣಿಗೆ ಹೊಟ್ಟು ತುಂಬಿತ್ತು. ಆ ಭಾಗದ ವಿವರ ಹೆಂಡತಿ ಗಿರಿಜೆಯದು.

ವಾಹನ ಕಟ್ಟಿದವನು ಗಿರಿಜೆಯ ತಮ್ಮ ರುದ್ರೇಶ. ರಾಜಾಜಿನಗರದ ಅವನ ವರ್ಕ್‌ಶಾಪಿನಲ್ಲಿ ಅದುವರೆಗೆ ತಯಾರಾಗುತ್ತಿದ್ದುದು ಗೇಟಿನ ಕೀಲುಗಳು. ಹಿಮಾಲಯದ ಪರ್ವತಾರೋಹಣ ತರಬೇತಿ ಸಂಸ್ಥೆಯೊಂದಕ್ಕೆ ಇಂಥ ಗಾಡಿ ಬೇಕೆಂದು ತಿಳಿದು, ಸ್ಕೂಟರಿನ ಎಂಜಿನ್ನು, ಮುಂದೆ ಚಕ್ರದ ಬದಲು ಮೂತಿ ಮೇಲೆತ್ತಿದ ಎರಡು ಹಲಗೆ, ಹಿಂದೆ ಸುತ್ತುವ ಅಗಲ ರಬ್ಬರ್ ಪಟ್ಟಿ ಸೇರಿಸಿ ಒಂದನ್ನು ಕಟ್ಟಿದ್ದ. ವರ್ಕ್‌ಶಾಪಿನವರು ಅದನ್ನು ಐಸ್ ಸ್ಕೂಟರ್ ಎನ್ನುತ್ತಿದ್ದರು. ನೋಡಲು ಬಂದಿದ್ದ ಸಂಸ್ಥೆಯ ಅಧಿಕಾರಿ ಕೊಡಗಿನವರು. ಅವರು ಒಪ್ಪಿದರೆ ಆರ್ಡರ್. ಇಲ್ಲವಾದರೆ ರುದ್ರೇಶನಿಗೆ ಮತ್ತೆ ಕೀಲು.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಮಿಲ್ಲಿನ ಹಿಂದೆ ಭತ್ತದ ಹೊಟ್ಟು ಗುಡ್ಡದಂತೆ ಬಿದ್ದಿರುತ್ತದೆ. ಕಾಲಿಟ್ಟರೆ ಹೂತುಹೋಗುತ್ತದೆ.

"ಇದಕ್ಕಿಂತ ಒಳ್ಳೇ ಹಿಮ ಎಲ್ಲಿ ಸಿಗತ್ತೆ ಸಾರ್?" ಎಂದ ರುದ್ರೇಶ.

"ಹಿಮದಲ್ಲಿ ಇಷ್ಟು ನವೆ ಇರಲ್ಲ," ಎಂದರು ಅಧಿಕಾರಿ, ಕತ್ತು ಕೆರೆದುಕೊಳ್ಳುತ್ತಾ. "ಸವಾರನ ಜೊತೆ ಮೂಟೆಗಳ ಭಾರಾನೂ ಇರಬೇಕು."

ರುದ್ರೇಶ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಭಾವ, ನೀವೊಬ್ರು ಕೂತ್ರೆ ಸಾಕು. ಮೂಟೆ ಬೇಡ."

ನಾನು ದಿನವೂ ಸ್ಕೂಟರ್ ಓಡಿಸುವವನು. ಇದೂ ಸ್ಕೂಟರೇ, ಚಕ್ರವಿಲ್ಲ ಅಷ್ಟೇ. ಒಪ್ಪಿದೆ. ಆದರೆ ಹೊಸ ಗಾಡಿಯನ್ನು ಪೂಜೆಯಿಲ್ಲದೆ ಹತ್ತುವುದು ಹೇಗೆ? ಗಿರಿಜೆ ತಟ್ಟೆ ಸಮೇತ ಬಂದಿದ್ದಳು. ನಿಂಬೆಹಣ್ಣು ಇಡಲು ಚಕ್ರವೇ ಇರಲಿಲ್ಲ.

"ಹಲಗೆ ಕೆಳಗಿಡಿ," ಎಂದೆ.

"ಹಲಗೆ ಜಾರತ್ತೆ ಭಾವ, ಹಣ್ಣು ಒಡೆಯಲ್ಲ."

"ಹಿಂದೆ ಪಟ್ಟಿ ಕೆಳಗಿಡೋ," ಎಂದು ಗಿರಿಜೆ ತೀರ್ಪು ಕೊಟ್ಟಳು.

ಸೇವಂತಿಗೆ ಹಾರದ ಸರದಿ ಬಂತು. "ಹಾರ ಆಮೇಲೆ ಹಾಕೋಣ ಭಾವ, ಹ್ಯಾಂಡಲ್ ಹತ್ರ ಬೇಡ," ಎಂದ ರುದ್ರೇಶ.

"ಬೋಳು ಗಾಡಿ ನಾನು ಹತ್ತಲ್ಲ ಕಣಯ್ಯ," ಎಂದು ನಾನೇ ಹಾರವನ್ನು ಹ್ಯಾಂಡಲ್ಲಿಗೆ ಸುತ್ತಿ, ಬಾಳೆನಾರಿನಿಂದ ಭದ್ರವಾಗಿ ಎರಡು ಗಂಟು ಹಾಕಿದೆ.

ಕಾಯಿ ಒಡೆಯಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಗಾಡಿ ಗುಡ್ಡ ಹತ್ತಿತು. ಅಧಿಕಾರಿ ತಲೆಯಾಡಿಸಿದ್ದು ಕಂಡಿತು. ಕೈ ಸಡಿಲಿಸಿ ವೇಗ ಇಳಿಸಲು ಹೋದೆ. ಹ್ಯಾಂಡಲ್ಲಿನ ಹಿಡಿ ಹಿಂದಕ್ಕೆ ತಿರುಗಲಿಲ್ಲ. ನಾರು ಹಿಡಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಎಂಜಿನ್ ನಿಲ್ಲಿಸುವ ಗುಂಡಿ ಹೂವಿನ ಅಡಿಯಲ್ಲೆಲ್ಲೋ ಇತ್ತು. ಬ್ರೇಕಿನದೂ ಅದೇ ವಿಳಾಸ.

ಗುಡ್ಡದ ಆಚೆ ಇಳಿದೆ. ಅಲ್ಲಿ ಮಿಲ್ಲಿನವರು ಕಣದ ತುಂಬ ಭತ್ತ ಒಣಹಾಕಿದ್ದರು. ಅದನ್ನು ಉದ್ದಕ್ಕೂ ಉತ್ತು, ತಿರುಗಿ ಮತ್ತೆ ಗುಡ್ಡಕ್ಕೇ ಬಂದೆ.

"ರೀ, ನಿಲ್ಸ್ರೀ!"

"ನಿಲ್ತಾ ಇಲ್ಲ ಕಣೇ!"

"ಹತ್ತೋದು ಗೊತ್ತಾಯ್ತು," ಎಂದರಂತೆ ಅಧಿಕಾರಿ. "ಇಳಿಯೋದು ಯಾವಾಗ?"

ರುದ್ರೇಶನಿಗೆ ಆಗಲೇ ಗೇಟಿನ ಕೀಲುಗಳು ಕಾಣಿಸುತ್ತಿದ್ದವು.

ಕೊನೆಗೆ ಗಾಡಿಯ ಮೂತಿ ಹೊಟ್ಟಿನೊಳಗೆ ನುಗ್ಗಿ ಹೂತಿತು. ನಾನು ಎದೆಮಟ್ಟ ಹೂತೆ. ಪಟ್ಟಿ ಮಾತ್ರ ಪೂರ್ತಿ ವೇಗದಲ್ಲಿ ಸುತ್ತುತ್ತಾ, ಹೊಟ್ಟನ್ನು ಬುಗ್ಗೆಯಂತೆ ಹಿಂದಕ್ಕೆ ಎರಚುತ್ತಿತ್ತು. ಹಿಂದೆ ನಿಂತಿದ್ದವರು ಅಧಿಕಾರಿ. ಗಿರಿಜೆ ಸೀರೆ ಎತ್ತಿಕಟ್ಟಿ, ಕಾಯಿ ಒಡೆದ ಮಚ್ಚು ಹಿಡಿದು ಮೇಲೆ ಬಂದಳು. ಮಚ್ಚು ಅರೆಬರೆ ಕಂಡದ್ದೇ, ಹೊಟ್ಟು ತುಂಬಿದ ಕಣ್ಣನ್ನು ಮುಚ್ಚಿಕೊಂಡೆ. ಅವಳು ಕಡಿದದ್ದು ನಾರನ್ನು. ಹಿಡಿ ಹಿಂದಕ್ಕೆ ತಿರುಗಿ ಎಂಜಿನ್ ತಣ್ಣಗಾಯಿತು.

ಅಧಿಕಾರಿ ಮೀಸೆಯಿಂದ ಹೊಟ್ಟು ಕೊಡವಿ, ಬಗ್ಗಿ ಪಟ್ಟಿಯನ್ನು ಮುಟ್ಟಿ ನೋಡಿದರು.

"ಇಷ್ಟು ಹಿಂಸೆ ಕೊಟ್ರೂ ಹರಿದಿಲ್ಲ. ನಮ್ಮೋರು ಯಾರೂ ಹೀಗೆ ಓಡಿಸಲ್ಲ ಬಿಡಿ. ಗಾಡಿ ಪಾಸು," ಎಂದರು.

ಎರಡು ಗಾಡಿಗಳಿಗೆ ಆರ್ಡರ್ ಬಂತು. ಮೊದಲನೆಯದರ ಪೂಜೆ ಒಂದು ಶುಕ್ರವಾರ ವರ್ಕ್‌ಶಾಪಿನಲ್ಲಿ ನಡೆಯಿತು. ಹಾರವನ್ನು ನನ್ನ ಕೊರಳಿಗೆ ಹಾಕಿ, ಗೇಟಿನ ಹೊರಗೆ ಕುರ್ಚಿ ಕೊಟ್ಟು ಕೂರಿಸಿದರು.