ಹುಣಸೆ ಕೊರಡು ಹೊತ್ತು ಮಿಷಿನ್ನು ನೋಡಲು ಹೊರಟಿದ್ದು

ಬೇರೆಯವರು ಅಂಗಡಿಗೆ ಹೋಗಿ ಸಾಮಾನು ತರುತ್ತಾರೆ. ನಾವು ಹೋದರೆ ಏನಾದರೊಂದು ಕತೆ ತರುತ್ತೇವೆ. ಮಿಕ್ಸಿ ತರಲು ಹೋದಾಗಲೂ ಹೀಗೇ ಆಗಿತ್ತು, ಈ ಸಲ ಸೌದೆ ಸೀಳುವ ಮಿಷಿನ್ನಿನ ಸರದಿ.

ನಾನು ಮಧುಗಿರಿಯಲ್ಲಿ ಲೆಕ್ಕದ ಮೇಷ್ಟ್ರು. ಹೋದ ವರ್ಷ ಗಾಳಿಗೆ ನಮ್ಮ ಹೊಲದ ಹಳೇ ಹುಣಸೆಮರ ಬಿತ್ತು. ತುಂಡು ಮಾಡಿಸಿ ಕೊರಡುಗಳನ್ನೆಲ್ಲ ಹಿತ್ತಲಿಗೆ ಹಾಕಿಸಿದೆ. ಅಷ್ಟರಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಇನ್ನು ಕೊಡಲಿ ಮುಟ್ಟಬೇಡಿ ಎಂದರು ಡಾಕ್ಟರು. ಸೀಳಬೇಕಾದದ್ದು ಗಟ್ಟಿ ಹುಣಸೆ ಎಂದು ಕೇಳಿದ ಕೂಡಲೇ ಕೂಲಿಯವರು ಫೋನ್ ಇಟ್ಟರು. ಎಪ್ಪತ್ನಾಲ್ಕರ ನಮ್ಮಮ್ಮನಿಗೋ ಸ್ನಾನಕ್ಕೆ ಹಂಡೆ ನೀರೇ ಆಗಬೇಕು, ಗೀಸರ್ ನೀರು ಮೈಗೆ ಹತ್ತುವುದಿಲ್ಲವಂತೆ.

"ನಿನ್ ಕೈಲಾಗ್ದಿದ್ರೆ ಬುಡು, ನಾನೇ ಸೀಳ್ಕಂತೀನಿ" ಎಂದಳು. ಬೆಳಿಗ್ಗೆ ಎದ್ದು ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡಲಿ ಎತ್ತಿ ನಿಂತಿದ್ದಾಳೆ. ಕೊಡಲಿ ಕಿತ್ತುಕೊಂಡು ಅಟ್ಟದ ಮೇಲಿಟ್ಟು, ಸೌದೆ ಸೀಳುವ ಮಿಷಿನ್ನು ತಂದೇ ತರುತ್ತೇನೆ ಎಂದು ಮಾತು ಕೊಟ್ಟೆ.

೧. ನಮ್ಮ ಕೊರಡೇ ಆಗಬೇಕು

ಮೊದಲು ನಮ್ಮೂರಿನದೇ ಅಂಗಡಿ. ಅಮ್ಮನೂ ಬಂದಳು. ಅಂಗಡಿಯವರು ನೆಟ್ಟಗಿದ್ದ ನೀಲಗಿರಿ ತುಂಡೊಂದನ್ನು ಇಟ್ಟು ಗುಂಡಿ ಒತ್ತಿದರು. ಸೌತೆಕಾಯಿಯ ಹಾಗೆ ಸೀಳಿತು. ನಾನು ತಲೆದೂಗಿದೆ. ಅಮ್ಮ ತಲೆದೂಗಲಿಲ್ಲ.

"ಇದ್ನ ನಾನು ಮಚ್ಚಲ್ಲೇ ಸೀಳ್ತೀನಿ. ಬೀಸೋಕಲ್ಲು ತಗಂಡಾಗ್ಲೂ ನಮ್ಮನೆ ರಾಗೀನೇ ಹಾಕಿ ನೋಡಿದ್ದು. ನಮ್ಮ ಕೊರಡು ತರ್ತೀವಿ, ಇರಿ."

ತಂದೆವು. ಮೈಯೆಲ್ಲ ಗಂಟಿನ ಕೊರಡು. ಮಿಷಿನ್ನಿನ ಬೆಣೆ ಅರ್ಧಕ್ಕೆ ನುಗ್ಗಿ, ಗುರ್ ಎಂದು ನಿಂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೊನೆಗೆ ಅಂಗಡಿಯವರೇ ಪಕ್ಕದ ಹೋಟೆಲಿನಿಂದ ಕೊಡಲಿ ತರಿಸಿ, ಷರಟು ಬಿಚ್ಚಿ, ಅರ್ಧಗಂಟೆ ಕಡಿದು ಮಿಷಿನ್ನನ್ನು ಬಿಡಿಸಿಕೊಂಡರು.

ಅಮ್ಮ ಕೇಳಿದಳು: "ಮಿಷಿನ್ ತಗಂಡ್ರೆ ಕೊಡ್ಲೀನೂ ಜೊತೇಗೆ ಕೊಡ್ತೀರಾ?"

೨. ಶಿರಾ ಬಸ್ಸು

ಶಿರಾಕ್ಕೆ ನಾನೊಬ್ಬನೇ ಹೋದೆ. ಒಬ್ಬನೇ ಎಂದರೆ, ಇನ್ನೊಂದು ಕೊರಡಿನ ಜೊತೆ. ಕಂಡಕ್ಟರು ನಮ್ಮಿಬ್ಬರನ್ನೂ ನೋಡಿ, "ಮೇಷ್ಟ್ರೇ, ಇದಕ್ಕೂ ಸೀಟು ಬೇಕಾ?" ಎಂದ. ಅಷ್ಟರಲ್ಲಿ ಸೀಟು ಸಿಗದ ಅಜ್ಜಿಯೊಬ್ಬಳು ಅದರ ಮೇಲೇ ಕೂತು ಎಲೆಅಡಿಕೆ ಹಾಕಿಕೊಂಡಳು. ಇಳಿಯುವಾಗ ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಶಿರಾದ ಮಿಷಿನ್ನು ಗಟ್ಟಿ ಆಸಾಮಿ. ನೋಡನೋಡುತ್ತಿದ್ದಂತೆ ಕೊರಡು ನಾಲ್ಕು ಹೋಳಾಯಿತು. ಖುಷಿಯಿಂದ ಮುಂಗಡ ಕೊಡಲು ಜೇಬಿಗೆ ಕೈ ಹಾಕಿದೆ. ಆಗ ಅಂಗಡಿಯ ಭಾಯಿ, "ಮನೇಲಿ ತ್ರೀ ಫೇಸ್ ಕರೆಂಟ್ ಇದೆ ಅಲ್ವಾ ಮೇಷ್ಟ್ರೇ?" ಎಂದರು. ನಮ್ಮ ಮನೆಗೆ ಎಲ್ಲಿಯ ತ್ರೀ ಫೇಸು? ಅದು ಇರುವುದು ಹೊಲದ ಪಂಪಿಗೆ. ಕೈ ಜೇಬಿನಿಂದ ಹೊರಗೆ ಬಂತು.

ಸೀಳಿದ ಸೌದೆಯನ್ನು ಅಲ್ಲೇ ಬಿಟ್ಟು ಬಂದರೆ ಅಮ್ಮ ಸುಮ್ಮನಿರುತ್ತಾಳೆಯೇ? ಗೋಣಿಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಅದೇ ಕಂಡಕ್ಟರು. ಚೀಲದೊಳಗೆ ಇಣುಕಿ ನೋಡಿ, "ಹೋಗುವಾಗ ಒಂದಿತ್ತು, ಈಗ ನಾಲ್ಕು. ಹೆರಿಗೆ ಮಾಡಿಸ್ಕಂಡು ಬಂದ್ರಾ ಮೇಷ್ಟ್ರೇ?" ಎಂದ.

೩. ಮಾವನ ಮಿಷಿನ್ನು

ಕೊರಟಗೆರೆ ತಾಲ್ಲೂಕಿನಲ್ಲಿ, ಚನ್ನರಾಯನದುರ್ಗದ ಹತ್ತಿರ ನನ್ನ ಸೋದರಮಾವ ಪೆಟ್ರೋಲ್ ಮಿಷಿನ್ನು ತಂದು ಎರಡು ವರ್ಷವಾಗಿತ್ತು. ಬಳಸಿದವರನ್ನೇ ಕೇಳೋಣ ಎಂದು ಹೋದೆ. ಮಾವ ಹಿತ್ತಲಲ್ಲಿ ಬೆವರು ಸುರಿಸುತ್ತಾ ಕೊಡಲಿಯಲ್ಲಿ ಸೌದೆ ಸೀಳುತ್ತಿದ್ದ. ಮಿಷಿನ್ನು ನಡುಮನೆಯಲ್ಲಿ ಹಳೇ ಸೀರೆ ಹೊದ್ದು, ವಿಭೂತಿ ಕುಂಕುಮ ಇಟ್ಟುಕೊಂಡು ಕೂತಿತ್ತು. ಹಿಡಿಯ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ.

"ಯಾಕ್ ಮಾವ, ಕೆಟ್ಟೋಗಿದ್ಯಾ?"

"ಕೆಟ್ಟೋಗಬಾರ್ದು ಅಂತ್ಲೇ ಮುಟ್ಟಿಲ್ಲ ಕಣ್ಲಾ. ಒಂದು ವರ್ಷಾನೂ ಆಯುಧಪೂಜೆ ತಪ್ಸಿಲ್ಲ."

"ಕೊಡಲಿಗೂ ಪೂಜೆ ಮಾಡಿದ್ಯಾ?"

"ಅದಕ್ಕೆಲ್ಲಿ ಪುರುಸೊತ್ತು, ದಿನಾ ಕೆಲ್ಸ ಇರ್ತದೆ."

೪. ಪಾವಗಡದವರು ತೋರಿಸಿದ್ದು

ಮನೆಗೆ ಬಂದರೆ ಅಮ್ಮ ಕೊಡಲಿ ಇಳಿಸಲು ಅಟ್ಟಕ್ಕೆ ಏಣಿ ಹಾಕುತ್ತಿದ್ದಾಳೆ. ಈ ವಯಸ್ಸಿನಲ್ಲಿ ಬಿದ್ದರೆ ಗತಿಯೇನು ಎಂದು ಏಣಿ ಕಿತ್ತು ಬದಿಗಿಟ್ಟೆ. ತಕ್ಷಣ ಪಾವಗಡದ ಅಂಗಡಿಯೊಂದಕ್ಕೆ ಫೋನು ಮಾಡಿದೆ. "ಮೀರು ರಾವದ್ದು ಸಾರ್, ನೀವು ಬರ್ಬೇಡಿ. ಮನೆ ಕರೆಂಟೇ ಸಾಕು. ಭಾನುವಾರ ನಾನೇ ತಂದು ತೋರಿಸ್ತೀನಿ" ಎಂದರು ತೆಲುಗು ಬೆರೆಸಿ ಮಾತಾಡುವ ಅಂಗಡಿಯವರು.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಮಿಷಿನ್ನು ಬಂತು. ಮೊದಲ ಕೊರಡು ಸಲೀಸಾಗಿ ಸೀಳಿತು.

"ಇದು ತುದೀದು. ಬುಡದ್ದು ಸೀಳ್ತದಾ?" ಎಂದಳು ಅಮ್ಮ. ಸೀಳಿತು. ಆಮೇಲೆ ಗಂಟಿನದು, ಆಮೇಲೆ ಕವಲಿನದು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಒಂದು ಕೊರಡೂ ಉಳಿದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ, "ಹುಣಸೆ ಸರಿ, ಜಾಲಿ ಆಗ್ತದಾ?" ಎಂದರು. ಅಂಗಡಿಯವರಿಗೆ ಹುಮ್ಮಸ್ಸು ಬಂತು. "ಜಾಲಿ ಏನಮ್ಮಾ, ಏದೈನಾ ತನ್ನಿ, ಏನು ಬೇಕಾದ್ರೂ ತನ್ನಿ" ಎಂದರು. ಹಾಗೆನ್ನಬಾರದಿತ್ತು. ಬೀದಿಗೆ ಬೀದಿಯೇ ಬೇವು, ಹೊಂಗೆ, ಮುರಿದ ಮಂಚದ ಕಾಲು ಎಲ್ಲ ಹೊತ್ತು ತಂದಿತು.

ಸಂಜೆ ಅಂಗಡಿಯವರು ತಲೆತುಂಬ ಮರದ ಚಕ್ಕೆ ತುಂಬಿಕೊಂಡು ನಮ್ಮ ಜಗಲಿಯ ಮೇಲೆ ಕುಸಿದು ಕೂತರು. ಒಂದು ಚೊಂಬು ನೀರು ಕುಡಿದು, "ಇಂಕ ಚಾಲಾ, ಸಾಕಾ ಅಮ್ಮಾ? ಈಗ ಹೇಳಿ, ಯಾರ್ಯಾರು ತಗೋತೀರಾ?" ಎಂದರು.

ಬೀದಿಯವರೆಲ್ಲ ತಮ್ಮ ತಮ್ಮ ಸೌದೆ ರಾಶಿ ನೋಡಿದರು, ಆಮೇಲೆ ನಮ್ಮಮ್ಮನನ್ನು ನೋಡಿದರು. ನನಗೆ ನಾಚಿಕೆಯಾಗಿ, ಮುಂಗಡ ತರಲು ಒಳಗೆ ಹೆಜ್ಜೆ ಇಟ್ಟೆ. ಅಮ್ಮ ನನ್ನನ್ನು ತಡೆದು, ಅಂಗಡಿಯವರ ಬೆನ್ನು ಸವರಿದಳು.

"ನಿನ್ ಮಿಷಿನ್ ಬಂಗಾರ ಕಣಪ್ಪ, ಒಂದು ಮಾತು ಆಡಂಗಿಲ್ಲ. ಆದ್ರೆ ಇನ್ನು ಸೀಳಾಕೆ ಏನೈತೆ? ಮುಂದಿನ್ ವರ್ಷ ಬಾ. ಬರೋವಾಗ ಇನ್ನೊಂದು ಕಂಪ್ನೀದೂ ತಗಂಡ್ ಬಾ, ಎರಡೂ ನೋಡ್ಬುಟ್ಟು ಹೇಳ್ತೀವಿ."