ಚಿಕ್ಕಿಯ ತಲೆ ಮೇಲೆ ನನ್ನ ಹಂಚು

ಅಜ್ಜನ ಉಯಿಲಿನ ಪ್ರಕಾರ ಅವರ್ಸಾ ಊರಿನ ಮನೆ ನನ್ನದು. ಆದರೆ ಚಿಕ್ಕಪ್ಪನ ನಂತರವೂ ಚಿಕ್ಕಿ ಬದುಕಿರುವ ತನಕ ಅಲ್ಲೇ ವಾಸಿಸತಕ್ಕದ್ದು. ಹಾಗಾದರೆ ಸೋರುವ ಮಾಡು ಯಾರ ಜವಾಬ್ದಾರಿ? ಈ ಬಗ್ಗೆ ಅಜ್ಜ ಚಕಾರವೆತ್ತಿರಲಿಲ್ಲ.

"ಇದ್ದವ್ರೇ ಮಾಡಿಸ್ಕೊಳ್ಲಿ" ಎಂದಳು ನನ್ನ ಹೆಂಡತಿ ಸುಮಾ. ಮಾಡಿಸದಿದ್ದರೆ ಮಳೆಗಾಲಕ್ಕೆ ಚಿಕ್ಕಿಯನ್ನು ಕಾರವಾರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಕರೆತರಬೇಕಿತ್ತು. ಚಿಕ್ಕಿಯೋ, ಸತ್ತರೂ ಆ ಮನೆ ಬಿಟ್ಟು ಬರುವವಳಲ್ಲ. ಫೋನಿನಲ್ಲಿ ಅವಳದು ಒಂದೇ ಮಾತು: "ಮನೆ ನಿಂದು ಹೌದು ತಮಾ. ಸೋರೂದು ನನ್ನ ತಲೆ ಮೇಲೆ."

ಮಾತು ನಾಟಿತು. ಮಾಲೀಕನ ಕರ್ತವ್ಯವನ್ನು ಮಾಲೀಕನೇ ಸ್ವಹಸ್ತದಿಂದ ನೆರವೇರಿಸುವುದೆಂದು ತೀರ್ಮಾನಿಸಿ, ಮೇ ತಿಂಗಳ ಒಂದು ಭಾನುವಾರ ಅವರ್ಸಾಕ್ಕೆ ಹೋಗಿ ಏಣಿ ಹತ್ತಿದೆ. ಹಂಚು ಕೈಯಾಡಿಸಿ ಸರಿಪಡಿಸುವುದೇನು ಮಹಾ ವಿದ್ಯೆ!

ಒಡೆದ ಒಂದು ಹಂಚು ಎಳೆದೆ. ಪಕ್ಕದ್ದು ಜಾರಿತು. ಅದನ್ನು ಹಿಡಿಯಲು ಹೋದಾಗ ಮೊಣಕಾಲಡಿ ಇನ್ನೊಂದು ಚಟ್ಟೆಂದಿತು. ಹಂಚು ಹೊತ್ತ ರೀಪಿನ ಮೇಲೆ ಕಾಲಿಡಬೇಡ, ಇಳಿದು ಬಾ ಎಂದು ಚಿಕ್ಕಿ ಅಂಗಳದಿಂದ ಹೇಳುತ್ತಲೇ ಇದ್ದಳು. ಇಳಿದರೆ ಮಾನ ಏನಾಗಬೇಕು? ಸ್ವಲ್ಪ ಯೋಚಿಸಿ ಮುಂದುವರಿಯೋಣವೆಂದು ಅಲ್ಲೇ ಕುಳಿತೆ.

ಕುಳಿತದ್ದು ಗೆದ್ದಲು ತಿಂದ ರೀಪಿನ ಮೇಲೆ!

ಬಿದ್ದದ್ದು ಅಟ್ಟಕ್ಕೆ. ಮಳೆಗಾಲಕ್ಕೆಂದು ಚಿಕ್ಕಿ ಒಣಗಿಸಿ ತುಂಬಿಟ್ಟಿದ್ದ ಶೆಟ್ಲಿ ಮೀನಿನ ಚೀಲಗಳು ನನ್ನ ಪ್ರಾಣ ಉಳಿಸಿದವು. ಅವುಗಳ ಪ್ರಾಣ ಮೊದಲೇ ಹೋಗಿತ್ತು, ಈಗ ಆಕಾರವೂ ಹೋಯಿತು. ಮಲಗಿದಲ್ಲಿಂದ ಮಂಚದಗಲ ಆಕಾಶ ಕಂಡಿತು. ಇವತ್ತೇ ಮಳೆ ಬಂದರೆ ಚಿಕ್ಕಿ ಎಲ್ಲಿ ಮಲಗುತ್ತಾಳೆ?

ಪುಣ್ಯಕ್ಕೆ ಮಳೆ ಬರಲಿಲ್ಲ. ಮರುದಿನ ಚಿಕ್ಕಿಯೇ ಕೆಲಸದವರನ್ನು ಕರೆಸಿ, ಕೆಳಗೆ ನಿಂತು ಹೇಳಿ ಹೇಳಿ ಮಾಡು ಮುಚ್ಚಿಸಿದಳು. ನನ್ನ ಪಾದ ಮಾತ್ರ ಬಾತು ಕುಂಬಳಕಾಯಿಯಾಗಿತ್ತು. ಬಸ್ಸಿಳಿದು ಬಂದ ಸುಮಾ ನನ್ನ ಕಾಲು ನೋಡಿದಳು, ಮೂಗು ಮುಚ್ಚಿಕೊಂಡಳು, ಕಾರವಾರದ ಎರಡು ಕೋಣೆಗಳನ್ನು ನೆನೆದಳು.

"ಇವ್ರು ಇಲ್ಲೇ ಇರ್ಲಿ, ಚಿಕ್ಕಿ" ಎಂದು ಸಂಜೆ ಬಸ್ಸಿಗೆ ಹೊರಟೇಬಿಟ್ಟಳು.

ಹೀಗೆ ಅಜ್ಜ ಬಿಟ್ಟುಹೋದ ಪ್ರಶ್ನೆ ಬಗೆಹರಿಯಿತು. ಮಾಡಿನ ಜವಾಬ್ದಾರಿ ಚಿಕ್ಕಿಯದು. ಮಾಡಿನ ಕೆಳಗೆ ಮಲಗುವ ಜವಾಬ್ದಾರಿ ನನ್ನದು. ಆಮೇಲೆ ಮಳೆ ಹಿಡಿಯಿತು, ಒಂದು ಹನಿಯೂ ಒಳಗೆ ಬೀಳಲಿಲ್ಲ. ಮೂರು ಹೊತ್ತೂ ನಾನೇ ಪುಡಿ ಮಾಡಿಕೊಟ್ಟ ಶೆಟ್ಲಿಯ ಚಟ್ನಿ.

"ಮಾಲೀಕರೇ, ಇನ್ನೊಂಚೂರು ಹಾಕ್ಲಾ?" ಎನ್ನುತ್ತಾಳೆ ಚಿಕ್ಕಿ.

ಮಾಲೀಕರು ತಟ್ಟೆ ಮುಂದೆ ಚಾಚುತ್ತಾರೆ.